ಮೈಸೂರಿನ ಕಿವಿ

ದೇವರಾಜ ಮಾರುಕಟ್ಟೆ ಹತ್ತಿರ ಬಂತೆಂದು ಕಣ್ಣು ಮುಚ್ಚಿಕೊಂಡೂ ಹೇಳಬಹುದು. ಹೂವಿನ ಸಾಲಿನಿಂದ ‘ಮೊಳ’, ‘ಮಾರು’ ಎಂಬ ಕೂಗು. ಪಕ್ಕದಲ್ಲೇ ತಕ್ಕಡಿಯ ತಟ್ಟೆಗೆ ಬಿದ್ದ ತೂಕದ ಕಲ್ಲಿನ ಠಣ್ ಸದ್ದು. ಮೊಳಕೈಯಿಂದ ಬೆರಳ ತುದಿಯವರೆಗೆ ದಾರ ಎಳೆದು ಅಳೆಯುವ ಆ ಲೆಕ್ಕ ಮೀಟರಿಗಿಂತ ಬಹಳ ಹಳೆಯದು.

ಕಣ್ಣು ತೆರೆದರೆ ಮಾರುಕಟ್ಟೆಯ ಎದುರಿಗೇ ಚಿಕ್ಕ ಗಡಿಯಾರ. 1886ರಲ್ಲಿ ವೈಸ್‌ರಾಯ್ ಡಫರಿನ್ ಊರಿಗೆ ಬಂದ ನೆನಪಿಗೆ ಕಟ್ಟಿದ್ದು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ, 1927ರಲ್ಲಿ, 75 ಅಡಿ ಎತ್ತರದ ದೊಡ್ಡ ಗಡಿಯಾರವೂ ಎದ್ದು ನಿಂತಿತು. ಅದರ ಮುಖದ ಮೇಲಿರುವುದು ಕನ್ನಡ ಅಂಕಿ.

ಮಾರುಕಟ್ಟೆಯ ಸದ್ದಲ್ಲದೆ ಇನ್ನೊಂದು ಸದ್ದು ಈ ಊರಿನಲ್ಲಿ ಹುಟ್ಟಿದ್ದು ಮನೆಯೊಳಗೆ. ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ ಬರೀ 30 ವಾಟ್‌ನ ಯಂತ್ರದಲ್ಲಿ ಬಾನುಲಿ ಪ್ರಸಾರ ಶುರುಮಾಡಿದರು. ಮುಂದೆ ಇಡೀ ದೇಶದ ಬಾನುಲಿಗೆ ಬಂದ ‘ಆಕಾಶವಾಣಿ’ ಎಂಬ ಹೆಸರಿಗೂ ಮೈಸೂರಿನ ಆ ನಿಲಯಕ್ಕೂ ನಂಟಿದೆ.

ಹಾರ್ನುಗಳ ನಡುವೆ ಈಗಲೂ ಒಮ್ಮೊಮ್ಮೆ ಟಾಂಗಾ ಹಾದುಹೋಗುತ್ತದೆ. ಟಾರು ರಸ್ತೆಯ ಮೇಲೆ ಲಾಳದ ಟಕ್‌ಟಕ್ ಕೇಳಿದರೆ ಹೂವಿನವಳೂ ಒಂದು ಗಳಿಗೆ ತಲೆಯೆತ್ತುತ್ತಾಳೆ.