‘ಹೊಲಸು’ ಶಬ್ದದ ಅರ್ಥ ಮತ್ತು ಮೂಲ

ಇಂದಿನ ಕನ್ನಡದಲ್ಲಿ ‘ಹೊಲಸು’ ಎಂಬ ಶಬ್ದವು ಕೊಳಕು, ದುರ್ನಾತ, ನೀಚತನ ಈ ಮೂರಕ್ಕೂ ಸಲ್ಲುತ್ತದೆ. ಬೀದಿಯ ಕಸವೂ ಹೊಲಸು, ಬೈಗುಳವೂ ಹೊಲಸು, ದುರ್ನಡತೆಯೂ ಹೊಲಸು. ಇದು ಸಂಸ್ಕೃತದಿಂದ ಬಂದುದಲ್ಲ, ಅಚ್ಚ ದೇಶ್ಯ.

ಇದರ ಹಳಗನ್ನಡ ರೂಪ ‘ಪೊಲಸು’. ಪದಾದಿಯ ಪಕಾರವು ನಡುಗನ್ನಡದಲ್ಲಿ ಹಕಾರವಾಗುವುದು ಸುಪರಿಚಿತ: ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು. ಮೂಲಾರ್ಥವನ್ನು ಅರಿಯಲು ಸೋದರ ಭಾಷೆಗಳತ್ತ ನೋಡಬೇಕು. ತಮಿಳಿನ ‘ಪುಲಾಲ್’ ಎಂದರೆ ಮಾಂಸ, ಹಸಿಮಾಂಸದ ಅಥವಾ ಮೀನಿನ ನಾತ. ತಿರುಕ್ಕುರಳಿನಲ್ಲಿ ಮಾಂಸತ್ಯಾಗವನ್ನು ಬೋಧಿಸುವ ಅಧಿಕಾರದ ಹೆಸರಿನಲ್ಲಿಯೇ ಈ ಶಬ್ದವಿದೆ. ತೆಲುಗಿನ ‘ಪೊಲ’, ‘ಪೊಲಸು’ ಶಬ್ದಗಳಿಗೂ ಮಾಂಸವೆಂದೇ ಅರ್ಥ. ಮಲಯಾಳದ ‘ಪುಲ’ವಾದರೋ ಜನನ ಮರಣಗಳ ಸೂತಕ. ಕನ್ನಡದ ‘ಪೊಲೆ’, ‘ಹೊಲೆ’ಗಳಿಗೆ ಮುಟ್ಟು, ಹೆರಿಗೆಯ ಸೂತಕ, ಅಶೌಚ ಎಂಬ ಅರ್ಥಗಳಿವೆ. ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ, ರಕ್ತಮಾಂಸಗಳನ್ನು ಹೇಳುತ್ತಿದ್ದ ಮಾತು ಅವುಗಳ ವಾಸನೆಗೂ, ಅಲ್ಲಿಂದ ಅಶುಚಿಗೂ, ಕೊನೆಗೆ ನಡತೆಯ ಕೀಳುತನಕ್ಕೂ ಹಬ್ಬಿತೆಂದು ಊಹಿಸಬಹುದು.

ಇಷ್ಟಕ್ಕೇ ನಿಂತಿದ್ದರೆ ಇದು ಕೇವಲ ನಿಘಂಟಿನ ವಿಷಯವಾಗುತ್ತಿತ್ತು. ಆದರೆ ಈ ಧಾತುವಿನ ನೆರಳು ಒಂದು ಜನಸಮುದಾಯದ ಹೆಸರಿನ ಮೇಲೆಯೂ ಬಿದ್ದಿತು. ‘ಹೊಲೆಯ’ ಎಂಬುದು ‘ಹೊಲ’ದಿಂದ ಬಂದುದು, ಹೊಲದಲ್ಲಿ ದುಡಿಯುವವನೆಂದೇ ಅದರ ಅರ್ಥ ಎಂಬ ನಿಷ್ಪತ್ತಿಯೂ ಪ್ರಚಾರದಲ್ಲಿದೆ. ಮೂಲ ಯಾವುದೇ ಇರಲಿ, ಲೋಕವು ಆ ಹೆಸರಿನಲ್ಲಿ ಕೇಳಿದ್ದು ‘ಹೊಲೆ’ಯನ್ನೇ. ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಮುಟ್ಟಿನ ಹೊಲೆಗೆ, ಹೆರಿಗೆಯ ಹೊಲೆಗೆ ಅವಧಿಯುಂಟು. ಕೆಲವು ದಿನ ಕಳೆದು ಸ್ನಾನವಾದರೆ ಅದು ಮುಗಿಯಿತು. ಜಾತಿಗೆ ಅಂಟಿಸಿದ ಹೊಲೆಗೆ ಮಾತ್ರ ಸ್ನಾನವೂ ಇಲ್ಲ, ಅವಧಿಯೂ ಇಲ್ಲ. ಅದು ತಂದೆಯಿಂದ ಮಗನಿಗೆ ಇಳಿಯಿತು.

12ನೆಯ ಶತಮಾನದಲ್ಲಿ ಬಸವಣ್ಣನವರು ಈ ಶಬ್ದದ ಹಳೆಯ ಅರ್ಥವನ್ನೇ ಹಿಡಿದು ಪ್ರಶ್ನಿಸಿದರು. ತಾಯಿಯ ಹೊಲೆಯಿಲ್ಲದೆ ಪಿಂಡವೇ ನೆಲೆಗೊಳ್ಳದು. ಎಲ್ಲರ ಹುಟ್ಟೂ ಒಂದೇ ಬಗೆಯದಾದ ಮೇಲೆ ಕುಲಜನೆಂಬುದಕ್ಕೆ ಆಧಾರವೇನು ಎಂಬುದು ಅವರ ವಾದ. ಇನ್ನೊಂದು ವಚನದಲ್ಲಿ ಅವರು ಹೊಲೆಯನೆಂಬ ಹೆಸರನ್ನು ಹುಟ್ಟಿನಿಂದ ಬಿಡಿಸಿ, ವ್ಯಕ್ತಿಯ ನಡೆಗೆ ಕಟ್ಟಿದರು.

1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ಆದರೂ ಬೈಗುಳಗಳಲ್ಲಿ ಆ ಹಳೆಯ ಅರ್ಥ ಇನ್ನೂ ಉಳಿದಿದೆ. ಬಾಯಿಗೆ ಬಂದಂತೆ ಆಡುವ ಮುನ್ನ ಈ ಶಬ್ದವು ನಡೆದುಬಂದ ದಾರಿಯನ್ನೊಮ್ಮೆ ನೆನೆಯುವುದು ಒಳ್ಳೆಯದು.