ಫಿಲ್ಮಿನ ಮೈಯೊಳಗಿನ ಮೂಳೆ

ಪ್ರಯೋಗಶೀಲ ಸಿನಿಮಾ ಅಂದ ಕೂಡಲೇ ನಮ್ಮಲ್ಲಿ ಬಹಳ ಜನ 'ಹೊಟ್ಟೆ ತುಂಬಿದವರ ಆಟ, ನಮಗ್ಯಾಕ್ರೀ ಅದು' ಅಂತ ಮುಖ ತಿರುಗಿಸುತ್ತಾರೆ. ಕಥೆಯಿಲ್ಲ, ಪಾತ್ರವಿಲ್ಲ, ಎಷ್ಟೋ ಸಲ ಮಾತೂ ಇಲ್ಲ. ನವ್ಯದ ಅಸ್ಪಷ್ಟತೆಯಿಂದ ಬೇಸತ್ತ ದಲಿತ ವಿಮರ್ಶೆಗೆ ಈ ಅನುಮಾನ ಸಹಜವೇ. ಆದರೂ ಈ ಪ್ರಕಾರದ ಚರಿತ್ರೆಯನ್ನು ಅದರ ತತ್ವದಿಂದಲ್ಲ, ಅದು ಮುಟ್ಟಿದ ವಸ್ತುವಿನಿಂದ ಓದಬೇಕೆಂಬುದು ನನ್ನ ವಾದ.

ಫಿಲ್ಮು ಅಂದರೇನು? ಪಾರದರ್ಶಕ ಪಟ್ಟಿಯ ಮೇಲೆ ಬಳಿದ ಜಿಲೆಟಿನ್, ಅದರೊಳಗೆ ಬೆಳಕಿಗೆ ಮಿಡಿಯುವ ಬೆಳ್ಳಿ ಲವಣದ ಕಣಗಳು. ಜಿಲೆಟಿನ್ ಬರುವುದು ದನದ ಮೂಳೆ, ಚರ್ಮದಿಂದ. ಮೂಳೆಯನ್ನು ಆಮ್ಲದಲ್ಲಿ ಮೆದು ಮಾಡಿ, ಸುಣ್ಣದ ನೀರಿನಲ್ಲಿ ವಾರಗಟ್ಟಲೆ ನೆನೆಹಾಕಿ, ಬಿಸಿನೀರಿನಲ್ಲಿ ಅಂಟು ಇಳಿಸುತ್ತಾರೆ. ಚರ್ಮ ಹದ ಮಾಡುವ ನಮ್ಮೋರ ಸುಣ್ಣದ ಗುಂಡಿಗೂ ಇದಕ್ಕೂ ಇರೋದು ಹತ್ತಿರದ ನೆಂಟಸ್ತಿಕೆಯೇ. 1871ರಲ್ಲಿ ರಿಚರ್ಡ್ ಮ್ಯಾಡಕ್ಸ್ ಎಂಬ ಇಂಗ್ಲಿಷ್ ವೈದ್ಯ ತನ್ನ ಜಿಲೆಟಿನ್ ಪ್ರಯೋಗವನ್ನು ಪ್ರಕಟಿಸಿದ ಮೇಲೆ ಫೋಟೋಗ್ರಫಿಯ ದಾರಿಯೇ ಬದಲಾಯಿತು. 1925ರಲ್ಲಿ ಕೊಡಕ್ ಕಂಪನಿಯ ಸ್ಯಾಮ್ಯುಯೆಲ್ ಶೆಪರ್ಡ್ ಇನ್ನೊಂದು ಸಂಗತಿ ಬಯಲಿಗಿಟ್ಟ: ದನ ಮೇಯ್ದ ಸಾಸಿವೆ ಜಾತಿಯ ಗಿಡಗಳ ಗಂಧಕದ ಅಂಶ ಜಿಲೆಟಿನ್‌ನಲ್ಲಿ ಉಳಿದಿದ್ದರೆ ಫಿಲ್ಮು ಬೆಳಕಿಗೆ ಚುರುಕಾಗುತ್ತದೆ. ದನ ಏನು ಮೇಯಿತು ಅನ್ನೋದರ ಮೇಲೆ ತೆರೆಯ ಬೆಳಕು ನಿಂತಿತ್ತು! ಸತ್ತ ದನ ಮುಟ್ಟಿದವರನ್ನು ಹೊರಗಿಟ್ಟ ಊರಿನವರೇ ಟೆಂಟ್ ಸಿನಿಮಾದಲ್ಲಿ ಕೂತು, ಇಂಥ ಅಂಟಿನ ಮೇಲೆ ಮೂಡಿದ ದೇವರಿಗೆ ಕೈ ಮುಗಿದರು.

ಕಥಾಚಿತ್ರ ಈ ಮೈಯನ್ನು ಮರೆಸುತ್ತದೆ. ಪ್ರಯೋಗಶೀಲರು ಅದನ್ನೇ ಮುಂದಿಟ್ಟರು. ಅಮೆರಿಕದ ಸ್ಟ್ಯಾನ್ ಬ್ರಾಕೇಜ್ 1963ರ 'ಮಾತ್‌ಲೈಟ್'ಗೆ ಕ್ಯಾಮೆರಾ ಹಿಡಿಯಲೇ ಇಲ್ಲ. ಸತ್ತ ಪತಂಗದ ರೆಕ್ಕೆ, ಹೂವಿನ ಎಸಳು, ಹುಲ್ಲುಗಳನ್ನು ಎರಡು ಅಂಟುಪಟ್ಟಿಗಳ ನಡುವೆ ಒತ್ತಿದ. ಜಾರ್ಜ್ ಲ್ಯಾಂಡೋ 1966ರ ಚಿತ್ರವೊಂದರ ಹೆಸರಿನಲ್ಲೇ ಅಂಚಿನ ಅಕ್ಷರ, ಪಕ್ಕದ ತೂತು, ಕೊಳೆಯ ಕಣ ಎಲ್ಲವನ್ನೂ ಸೇರಿಸಿದ. ಒರೆಸಿ ಹಾಕಬೇಕಾದ ಕೊಳೆ ಹೆಸರು ಪಡೆದು ತೆರೆಗೆ ಬಂತು.

ಇವರಿಬ್ಬರಿಗಿಂತ ನನಗೆ ಹತ್ತಿರದವಳು ಲಂಡನ್ನಿನ ಆನಬೆಲ್ ನಿಕಲ್ಸನ್. 1973ರ 'ರೀಲ್ ಟೈಮ್'ನಲ್ಲಿ ಅವಳು ಪ್ರೇಕ್ಷಕರ ಎದುರೇ ಹೊಲಿಗೆ ಯಂತ್ರದ ಮುಂದೆ ಕೂತಳು. ತಾನು ಹೊಲಿಯುತ್ತಿರುವ ಚಿತ್ರವಿದ್ದ ಫಿಲ್ಮನ್ನೇ, ದಾರ ಹಾಕದೆ, ಸೂಜಿಗೆ ಕೊಟ್ಟಳು. ಅದು ತೂತಾಗುತ್ತಾ ಪ್ರೊಜೆಕ್ಟರಿಗೆ ಹೋಗಿ, ಮತ್ತೆ ಸೂಜಿಯಡಿಗೆ ಬಂದು, ಕಡೆಗೆ ಹರಿದೇ ಹೋಯಿತು. ದುಡಿಮೆ ಇಲ್ಲಿ ಬರೀ ಕಥಾವಸ್ತುವಲ್ಲ, ಫಿಲ್ಮಿನ ಮೈಮೇಲಿನ ಗಾಯ.

ತಕರಾರೂ ಇದೆ. ಪೀಟರ್ ಗಿಡಾಲ್ ಮೊದಲಾದವರು 1970ರ ದಶಕದಲ್ಲಿ ತಮ್ಮ ಸಿನಿಮಾವನ್ನು ಭೌತವಾದಿ ಅಂತಲೇ ಕರೆದುಕೊಂಡರು. ಆ ಭೌತವಾದ ಫಿಲ್ಮಿನ ಗೀರು, ಕಣಗಳವರೆಗೆ ಬಂದು ನಿಂತುಬಿಡುತ್ತದೆ. ಆಚೆಗಿನ ಕಸಾಯಿಖಾನೆಯಾಗಲಿ ಮೂಳೆ ಬೇಯಿಸುವ ಕೈಗಳಾಗಲಿ ಅದಕ್ಕೆ ಕಾಣವು. ಕ್ಯಾಮೆರಾ ಬಿಟ್ಟ 'ಮಾತ್‌ಲೈಟ್' ಕೂಡ ನೋಡುಗರನ್ನು ಮುಟ್ಟಿದ್ದು ಜಿಲೆಟಿನ್ ಬಳಿದ ಪ್ರತಿಗಳಲ್ಲೇ. ವಸಾಹತು ಕಾಲದಲ್ಲಿ ನಮ್ಮ ದೇಶದ ಮೂಳೆಯೂ ಹಡಗು ಹತ್ತಿ ಗೊಬ್ಬರಕ್ಕೂ ಅಂಟಿಗೂ ಹೋಗುತ್ತಿತ್ತು. ಅದನ್ನು ಆಯ್ದವರು ಯಾರು ಅಂತ ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಡಿಜಿಟಲ್ ಬಂದ ಮೇಲೆ ಬಹುಪಾಲು ಸಿನಿಮಾಕ್ಕೆ ಜಿಲೆಟಿನ್ನೇ ಬೇಡವಾಗಿದೆ. ಉಳಿದ ಹಳೆಯ ಪ್ರಿಂಟುಗಳನ್ನು ಸಂಗ್ರಹಾಲಯಗಳು ತಣ್ಣನೆಯ, ಒಣ ಕೋಣೆಗಳಲ್ಲಿ ಕಾಯುತ್ತವೆ. ತೇವ ತಾಗಿದರೆ ಬೂಷ್ಟು ಹಿಡಿದು ತಿನ್ನಲು ಶುರುಮಾಡುತ್ತದೆ. ಎಷ್ಟಾದರೂ ದನದ ಮೈಯಲ್ಲವೇ ಅದು.