ಹೊಸ ಕೀಬೋರ್ಡು ಬೇಕೇ?

1902ರಲ್ಲಿ ಶಿವನಸಮುದ್ರದ ವಿದ್ಯುತ್ ಸುಮಾರು 150 ಕಿಲೋಮೀಟರ್ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಅದಕ್ಕೆ ಮೊದಲು ಗಣಿಯ ಯಂತ್ರಗಳು ಹಬೆಯಿಂದ ನಡೆಯುತ್ತಿದ್ದವು. ಹಬೆಗೆ ಬೇಕಾದ ಸೌದೆ, ಕಲ್ಲಿದ್ದಲಿನ ಖರ್ಚು ಭಾರವಾಗಿತ್ತು. ಹಳೆಯ ಯಂತ್ರ ಎಲ್ಲಿ ಎಡವುತ್ತಿದೆಯೆಂದು ಗೊತ್ತಿದ್ದುದರಿಂದ ಹೊಸದಕ್ಕೆ ಹಾಕಿದ ಹಣಕ್ಕೆ ಅರ್ಥವಿತ್ತು. ಕೆಜಿಎಫ್‌ನ ಚರಿತ್ರೆಯನ್ನು ಓದುತ್ತಿರುವ ನನಗೆ, ಎಲೆಕ್ಟ್ರಾನಿಕ್ ಕೀಬೋರ್ಡು ಬದಲಿಸಬೇಕೇ ಎಂದು ಯಾರಾದರೂ ಕೇಳಿದಾಗಲೂ ಇದೇ ಅಳತೆಗೋಲು ನೆನಪಾಗುತ್ತದೆ.

ಈ ಪ್ರಶ್ನೆ ಇಲ್ಲಿ ಹವ್ಯಾಸದ ಮಾತಷ್ಟೇ ಅಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಂದಿನಿಂದ ಸಾವಿರಾರು ಜನ ಮಾರಿಕುಪ್ಪಂ, ಬಂಗಾರಪೇಟೆಗಳಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಚರ್ಚಿನ ಹಾಡುಗಾರಿಕೆಗೆ, ಮದುವೆ ಆರ್ಕೆಸ್ಟ್ರಾಕ್ಕೆ ಕೀಬೋರ್ಡು ನುಡಿಸುವವರೂ ಈ ಊರುಗಳಲ್ಲಿದ್ದಾರೆ. ಬಂಗಾರಪೇಟೆಯ ಗೆಳೆಯನೊಬ್ಬ ಕೇಳಿದ: “ಹೊಸ್ದರಲ್ಲಿ ಟೋನು ಜಾಸ್ತಿ ಐತೆ. ಸಾಲ ಮಾಡಿ ತಗೊಂಬಿಡ್ಲಾ?” ಸಾಲದ ಮಾತು ಬಂದಮೇಲೆ ಉತ್ತರ ಹಗುರವಾಗಿರಬಾರದು.

ಸ್ವಲ್ಪ ಹಿಂದಿನಿಂದ ನೋಡೋಣ. ಯುರೋಪಿನಿಂದ ಬಂದ ಹಾರ್ಮೋನಿಯಂ ಕಲ್ಕತ್ತೆಯಲ್ಲಿ ಕೈತಿದಿಯ ವಾದ್ಯವಾಗಿ, ನೆಲದ ಮೇಲೆ ಕೂತು ನುಡಿಸುವವರ ಮಡಿಲಿಗೆ ಒಗ್ಗಿತು. ನಾಟಕ ಕಂಪನಿಗಳಿಗೆ, ಭಜನೆಗೆ ಅದು ದೊಡ್ಡ ಅನುಕೂಲ. ಆದರೆ ಅದರ ಸ್ವರಗಳು ಒಂದೊಂದು ಮನೆಯಲ್ಲಿ ಬಂಧಿ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗಮಕ ಅದಕ್ಕೆ ಒಲಿಯದು. ಈ ಬಗೆಯ ಆಕ್ಷೇಪಗಳಿಂದಲೇ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ನಿಷೇಧಿಸಿತು. 1971ರಲ್ಲಷ್ಟೇ ನಿಷೇಧ ಸಡಿಲವಾಯಿತು.

1983ರಲ್ಲಿ ಯಮಹಾ ಡಿಎಕ್ಸ್7 ಬಂತು. ಸ್ಟ್ಯಾನ್‌ಫರ್ಡಿನ ಜಾನ್ ಚೌನಿಂಗ್ ಕಂಡುಹಿಡಿದ ವಿಧಾನದಿಂದ ಅದು ದನಿ ಹುಟ್ಟಿಸುತ್ತಿತ್ತು. 61 ಮನೆಗಳು, ನೆನಪಿನಲ್ಲಿ ಕೇವಲ 32 ದನಿಗಳು. ಆದರೆ ಬೆರಳು ಬಿದ್ದ ವೇಗಕ್ಕೆ ತಕ್ಕಂತೆ ದನಿ ಬದಲಾಗುತ್ತಿತ್ತು. ಎಡಗೈ ಬಳಿಯ ಪಿಚ್ ವೀಲ್ ತಿರುಗಿಸಿದರೆ ಸ್ವರ ಜಾರುತ್ತಿತ್ತು. ಹಾರ್ಮೋನಿಯಂ ಮೇಲಿನ ದೂರಿಗೆ ಸಿಕ್ಕ ಉತ್ತರ ಪೂರ್ತಿಯಲ್ಲದಿದ್ದರೂ, ಉತ್ತರವಂತೂ ಹೌದು.

2020ರಲ್ಲಿ ಬಂದ ಅದೇ ಕಂಪನಿಯ ಕಡಿಮೆ ಬೆಲೆಯ ಪಿಎಸ್‌ಆರ್-ಇ273ರಲ್ಲಿ 401 ದನಿಗಳಿವೆ. ಬೆರಳಿನ ವೇಗಕ್ಕೆ ಅದು ಸ್ಪಂದಿಸುವುದಿಲ್ಲ, ಪಿಚ್ ವೀಲೂ ಇಲ್ಲ. ಎರಡನ್ನೂ ಸರಿಸಮ ತೂಗುವುದು ನ್ಯಾಯವಲ್ಲ, ಡಿಎಕ್ಸ್7ರ ಬೆಲೆ ಅಂದಿಗೆ ಸುಮಾರು 2000 ಡಾಲರ್ ಇತ್ತು. ಆದರೂ ಒಂದು ಮಾತು ಸ್ಪಷ್ಟ: ಹೊಸದು ಎಂದರೆ ಹೆಚ್ಚಿನದು ಎಂದಲ್ಲ, ದನಿಗಳ ಎಣಿಕೆ ವಾದ್ಯದ ಅಳತೆಯೂ ಅಲ್ಲ.

ಅದೇ 1983ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಡೇವ್ ಸ್ಮಿತ್, ಇಕುತಾರೊ ಕಾಕೆಹಾಶಿ ಮೊದಲಾದವರ ಪ್ರಯತ್ನದಿಂದ ಬೇರೆಬೇರೆ ಕಂಪನಿಗಳ ವಾದ್ಯಗಳು ಪರಸ್ಪರ ಮಾತಾಡುವ ಮಿಡಿ ಎಂಬ ಒಪ್ಪಂದ ಜಾರಿಗೆ ಬಂತು. ಅದು ಇಂದಿಗೂ ಬಳಕೆಯಲ್ಲಿದೆ. ಹಳೆಯ ಕೀಬೋರ್ಡಿನ ಹಿಂದೆ ಐದು ಪಿನ್ನಿನ ಮಿಡಿ ಸಾಕೆಟ್ ಇದ್ದರೆ, ತಕ್ಕ ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ ಹೊಸ ದನಿಗಳನ್ನು ಅಲ್ಲಿಂದಲೇ ಪಡೆಯಬಹುದು. ದನಿಗಾಗಿ ಮಾತ್ರ ಸಾಲ ಮಾಡುವವರು ಮೊದಲು ವಾದ್ಯದ ಬೆನ್ನು ತಿರುಗಿಸಿ ನೋಡಬೇಕು.

ಹಾಗಾದರೆ ಯಾವಾಗ ಬದಲಿಸಬೇಕು? ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಒಂದೇ ಸದ್ದು ಬಂದು ಹಾಡಿನ ಭಾವ ಕೆಡುತ್ತಿದ್ದರೆ. ಪೆಡಲ್ ತುಳಿದು ದೊಡ್ಡ ಕಾರ್ಡ್‌ಗಳನ್ನು ನುಡಿಸುವಾಗ ಮೊದಲ ಸ್ವರಗಳು ಕಡಿದುಹೋಗುತ್ತಿದ್ದರೆ. ಏಕಕಾಲಕ್ಕೆ 32 ಸ್ವರ ಹಿಡಿಯುವ ಯಂತ್ರಕ್ಕೂ 64 ಹಿಡಿಯುವ ಯಂತ್ರಕ್ಕೂ ಅಲ್ಲಿ ವ್ಯತ್ಯಾಸ ಕೇಳುತ್ತದೆ. ಪಿಯಾನೋ ಪರೀಕ್ಷೆಗೆ 88 ಮನೆ ಬೇಕಾದರೆ. ಮನೆಗಳು ಸವೆದು ಕಾರ್ಯಕ್ರಮದ ನಡುವೆ ಕೈಕೊಡುತ್ತಿದ್ದರೆ. ಇವು ಕೈ ಮತ್ತು ಕಿವಿ ಹೇಳುವ ಕಾರಣಗಳು, ಅಂಗಡಿಯವರು ಹೇಳುವ ಕಾರಣಗಳಲ್ಲ.

ಗೆಳೆಯನ ಕೀಬೋರ್ಡಿನಲ್ಲಿ ಬೆರಳಿನ ವೇಗಕ್ಕೆ ಸ್ಪಂದನೆಯೂ ಇತ್ತು, ಮಿಡಿ ಸಾಕೆಟ್ಟೂ ಇತ್ತು. ಅವನಿಗೆ ಬೇಕಾಗಿದ್ದುದು ಒಂದು ಕೇಬಲ್ಲು. ಸಾಲದ ಅರ್ಜಿ ತುಂಬುವ ಕೆಲಸ ಅಲ್ಲಿಗೇ ನಿಂತಿತು.